ಅಪ್ಪನ ಸಂಬಳಕ್ಕೆ ತುಟ್ಟಿಭತ್ಯೆ ಇದೆ, ಮಗಳ ನಾಲ್ಕು ಸಾವಿರಕ್ಕೆ ಇಲ್ಲ: ಜೀವನಾಂಶ ಹೆಚ್ಚಿಸಲು ಏನು ಮಾಡಬೇಕು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯವಳು. ಮಗಳಿಗೆ ನಾಲ್ಕು ವರ್ಷವಿದ್ದಾಗ, 2016ರಲ್ಲಿ, ಕೌಟುಂಬಿಕ ನ್ಯಾಯಾಲಯವು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125ರ ಅಡಿಯಲ್ಲಿ ಅವಳಿಗೆ ತಿಂಗಳಿಗೆ 4,000 ರೂಪಾಯಿ ಜೀವನಾಂಶ ಕೊಡುವಂತೆ ಅವಳ ತಂದೆಗೆ ಆದೇಶಿಸಿತು. 2019ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಯಿತು. ಆಗ ನನಗೆ ಒಟ್ಟಿಗೆ ಮೂರು ಲಕ್ಷ ಕೊಟ್ಟು, 'ಮಗಳಿಗೆ 4,000 ಮುಂದುವರಿಯುತ್ತದೆ, ಇದಕ್ಕಿಂತ ಹೆಚ್ಚು ಎಂದೂ ಕೇಳುವುದಿಲ್ಲ' ಎಂದು ಜಂಟಿ ಮೆಮೊದಲ್ಲಿ ಬರೆಸಿಕೊಂಡರು. ಅವರು ಸರ್ಕಾರಿ ಪ್ರೌಢಶಾಲೆಯ ಸಹಶಿಕ್ಷಕರು. ಮತ್ತೆ ಮದುವೆಯಾಗಿದ್ದಾರೆ, ಒಬ್ಬ ಮಗನಿದ್ದಾನೆ. ನಾನು ಮನೆಯಲ್ಲೇ ಬಟ್ಟೆ ಹೊಲಿದು ತಿಂಗಳಿಗೆ ಸುಮಾರು 10,000 ದುಡಿಯುತ್ತೇನೆ. ಮಗಳು ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಯೊಂದರಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಬರುವ ಜೂನ್‌ನಿಂದ ವರ್ಷಕ್ಕೆ 42,000 ರೂಪಾಯಿ ಶುಲ್ಕ ಕಟ್ಟಬೇಕು. ಹೆಚ್ಚು ಕೊಡಿ ಎಂದರೆ, 'ಕೋರ್ಟ್ ಹೇಳಿದ್ದು ನಾಲ್ಕು ಸಾವಿರ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ' ಎನ್ನುತ್ತಾರೆ. ಆ ನಾಲ್ಕು ಸಾವಿರವೂ ಹದಿನಾಲ್ಕು ತಿಂಗಳಿಂದ ಬಂದಿಲ್ಲ. ಮಗಳು, 'ಅಪ್ಪನ ದುಡ್ಡು ಬೇಡ, ಕೋರ್ಟಿಗೆ ಹೋಗಬೇಡಮ್ಮಾ' ಎನ್ನುತ್ತಾಳೆ. ಬರೆದುಕೊಟ್ಟ ಮೇಲೂ ನಾನು ಮತ್ತೆ ಕೇಳಬಹುದೇ?

ಉತ್ತರ: ಕೇಳಬಹುದು. ನೀವು ಬರೆದುಕೊಟ್ಟಿರುವುದು ನಿಮ್ಮನ್ನು ಕಟ್ಟಿಹಾಕಬಹುದು, ನಿಮ್ಮ ಮಗಳನ್ನಲ್ಲ. ಆ ನಾಲ್ಕು ಸಾವಿರ ಅವಳ ಹಣ. ನೀವು ಅದನ್ನು ಅವಳ ಪರವಾಗಿ ಪಡೆದು ಅವಳಿಗೆ ಖರ್ಚು ಮಾಡುವವರು, ಅಷ್ಟೇ. ತನ್ನದಲ್ಲದ ಹಕ್ಕನ್ನು ಬಿಟ್ಟುಕೊಡಲು ಯಾರಿಗೂ ಬರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕೆಂದರೆ ಎದುರು ಪಕ್ಷದ ವಕೀಲರು ಮೊದಲು ಎತ್ತಿ ಹಿಡಿಯುವುದು ಆ ಜಂಟಿ ಮೆಮೊವನ್ನೇ. ಅಪ್ರಾಪ್ತರ ಪರವಾಗಿ ಮೊಕದ್ದಮೆ ನಡೆಸುತ್ತಿರುವವರು ನ್ಯಾಯಾಲಯದ ಅನುಮತಿ ಇಲ್ಲದೆ ಅವರ ಹಿತವನ್ನು ಬಿಟ್ಟುಕೊಡುವ ರಾಜಿ ಮಾಡಿಕೊಳ್ಳುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮ ಹೇಳುತ್ತದೆ. ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ಊರ್ಜಿತವಲ್ಲ ಎಂಬುದು 1872ರ ಕರಾರು ಕಾಯಿದೆಯ 23ನೇ ಸೆಕ್ಷನ್. ಇನ್ನು ಹಿಂದೂ ವಿವಾಹ ಕಾಯಿದೆಯ 26ನೇ ಸೆಕ್ಷನ್ ಓದಿದರೆ, ಮಕ್ಕಳ ಪಾಲನೆ, ಪೋಷಣೆ ಮತ್ತು ಶಿಕ್ಷಣದ ಬಗ್ಗೆ ಡಿಕ್ರಿ ಆದ ಮೇಲೂ ನ್ಯಾಯಾಲಯ ಕಾಲಕಾಲಕ್ಕೆ ಹೊಸ ಆದೇಶ ಮಾಡಬಹುದು, ಹಳೆಯದನ್ನು ಬದಲಿಸಬಹುದು ಎಂದಿದೆ. ಮಗು ಬೆಳೆಯುತ್ತದೆ, ಅದರ ಅಗತ್ಯವೂ ಬೆಳೆಯುತ್ತದೆ ಎಂಬ ತಿಳುವಳಿಕೆ ಕಾನೂನಿನ ಒಳಗೇ ಇದೆ. ನಿಮಗೆ ಸಿಕ್ಕ ಮೂರು ಲಕ್ಷ ನಿಮ್ಮ ಜೀವನಾಂಶದ ಬಾಬ್ತು. ಅದನ್ನು ಮಗಳ ಲೆಕ್ಕಕ್ಕೆ ಸೇರಿಸಲು ಬಿಡಬೇಡಿ. ಹಾಗೆಯೇ ನಿಮ್ಮ ಅರ್ಜಿಯಲ್ಲಿ ನಿಮಗಾಗಿ ಏನನ್ನೂ ಕೇಳಬೇಡಿ. ಅರ್ಜಿದಾರಳು ಮಗಳು, ನೀವು ಅವಳ ಪರವಾದ ತಾಯಿ ಮತ್ತು ಪೋಷಕಿ ಎಂದೇ ಇರಲಿ. ಎರಡನ್ನೂ ಬೆರೆಸಿದರೆ ಮೂರು ಲಕ್ಷದ ವಾದಕ್ಕೆ ನೀವೇ ಬಾಗಿಲು ತೆರೆದಂತಾಗುತ್ತದೆ.

ಈಗ ದಾರಿ ಯಾವುದು ಎಂಬ ವಿಷಯ. ಕೈಯಲ್ಲಿರುವ ಆದೇಶ ಯಾವ ಕಾನೂನಿನ ಅಡಿ ಆಗಿದೆ ಎಂಬುದನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು. ಇದೇ ಪರಿಸ್ಥಿತಿಯಲ್ಲಿರುವ ಇತರ ಓದುಗರೂ ತಮ್ಮ ಆದೇಶದ ಮೊದಲ ಪುಟ ತೆಗೆದು ನೋಡಲಿ. ವಿಚ್ಛೇದನದ ಪ್ರಕರಣದೊಳಗೆ ಮಗುವಿಗೆ ಹಣ ನಿಗದಿಯಾಗಿದ್ದರೆ ಈಗ ಹೇಳಿದ 26ನೇ ಸೆಕ್ಷನ್. ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಆಗಿದ್ದರೆ ಅದರ 25(2). ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯಡಿ ಆಗಿದ್ದರೆ ಅದರ 25ನೇ ಸೆಕ್ಷನ್. ನಿಮ್ಮದು ಸಿಆರ್‌ಪಿಸಿ 125ರ ಆದೇಶ. ಆ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ 125 ಈಗ 144, ಮೊತ್ತ ಬದಲಿಸುವ ಹಳೆಯ 127 ಈಗ 146. ಅರ್ಜಿಯ ತಲೆಬರಹದಲ್ಲಿ ಹಳೆಯ ಮತ್ತು ಹೊಸ ಸಂಖ್ಯೆ ಎರಡನ್ನೂ ಬರೆಯುವುದು ವಾಡಿಕೆ. ಆದೇಶ ಕೊಟ್ಟ ದಾವಣಗೆರೆಯ ಕೌಟುಂಬಿಕ ನ್ಯಾಯಾಲಯದಲ್ಲೇ ಅರ್ಜಿ ಹಾಕಿ. 144 ಮತ್ತು 146 ಎಲ್ಲ ಧರ್ಮದವರಿಗೂ ಅನ್ವಯವಾಗುತ್ತವೆ, ಮುಸ್ಲಿಂ ಮತ್ತು ಕ್ರೈಸ್ತ ತಾಯಂದಿರೂ ತಮ್ಮ ಮಕ್ಕಳ ಪರವಾಗಿ ಇದೇ ದಾರಿ ಹಿಡಿಯಬಹುದು.

ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಹೆಚ್ಚಳ ಕೇಳುವುದೆಂದರೆ ಹಳೆಯ ಆದೇಶ ತಪ್ಪು ಎನ್ನುವುದಲ್ಲ. ಅದು ಹೈಕೋರ್ಟಿಗೆ ಹಾಕುವ ರಿವಿಷನ್ (ಪುನರ್‌ಪರಿಶೀಲನಾ) ಅರ್ಜಿಯ ಕೆಲಸ, ಅದರ ಕಾಲ ಎಂದೋ ಮುಗಿಯಿತು. 2016ರಲ್ಲಿ ನಾಲ್ಕು ವರ್ಷದ ಮಗುವಿಗೆ ನಾಲ್ಕು ಸಾವಿರ ಸರಿ ಇತ್ತು ಎಂದೇ ಒಪ್ಪಿಕೊಂಡು ಅರ್ಜಿ ಶುರು ಮಾಡಿ. ಅಂದಿನಿಂದ ಇಂದಿಗೆ ಏನು ಬದಲಾಗಿದೆ ಎಂಬುದೊಂದೇ ಪ್ರಶ್ನೆ. ಕಾನೂನಿನ ಮಾತಿನಲ್ಲಿ ಇದು 'ಪರಿಸ್ಥಿತಿಯ ಬದಲಾವಣೆ', ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮದು. ಅಂದು ನಡೆದ ಅನ್ಯಾಯ, ಅತ್ತೆಮನೆಯ ಮಾತು, ಎರಡನೆಯ ಮದುವೆಯ ನೋವು ಎಲ್ಲವೂ ನಿಜ. ನಿಮ್ಮ ಪತ್ರದ ಉಳಿದ ಎರಡು ಪುಟಗಳನ್ನೂ ಓದಿದ್ದೇನೆ. ಆದರೆ ಅವು ಈ ಅರ್ಜಿಯಲ್ಲಿ ಬಂದರೆ ನಿಜವಾದ ವಿಷಯ ಅದರ ಕೆಳಗೆ ಹೂತುಹೋಗುತ್ತದೆ.

ನಿಮ್ಮ ಪ್ರಕರಣದಲ್ಲಿ ಬದಲಾವಣೆ ತೋರಿಸುವುದು ಕಷ್ಟವಿಲ್ಲ. ಮೊದಲನೆಯದು ಮಗಳದು. ಆರ್‌ಟಿಇ ಕಾಯಿದೆಯಡಿ ಉಚಿತ ಶಿಕ್ಷಣ ಇರುವುದು ಎಂಟನೆಯ ತರಗತಿಯವರೆಗೆ ಮಾತ್ರ. 2016ರ ಆದೇಶದ ಕಾಲಕ್ಕೆ ಅವಳು ಶಾಲೆಗೇ ಸೇರಿರಲಿಲ್ಲ, ಸೇರಿದ ಮೇಲೆ ಇಷ್ಟು ವರ್ಷ ಶುಲ್ಕದ ಹೊರೆ ಇರಲಿಲ್ಲ. ಈಗ ಒಮ್ಮೆಲೇ ವರ್ಷಕ್ಕೆ 42,000 ಎದುರು ನಿಂತಿದೆ. ಇದಕ್ಕಿಂತ ಸ್ಪಷ್ಟವಾದ ಬದಲಾವಣೆ ಇನ್ನೊಂದು ಬೇಕಿಲ್ಲ. ಶಾಲೆಯಿಂದ ಒಂಬತ್ತನೆಯ ತರಗತಿಯ ಶುಲ್ಕದ ವಿವರವನ್ನು ಮುದ್ರೆ ಸಹಿತ ಈಗಲೇ ಕೇಳಿ ಪಡೆಯಿರಿ. ಇದುವರೆಗೆ ಆರ್‌ಟಿಇ ಅಡಿ ಓದಿದ್ದಕ್ಕೂ ಒಂದು ಪತ್ರ ಪಡೆಯಿರಿ. 'ಸರ್ಕಾರಿ ಶಾಲೆಗೆ ಸೇರಿಸಲಿ, ನಾನೇ ಸರ್ಕಾರಿ ಶಾಲೆಯ ಮೇಷ್ಟ್ರು' ಎಂಬ ವಾದ ಬರಬಹುದು. ಎಂಟು ವರ್ಷ ಒಂದೇ ಶಾಲೆಯಲ್ಲಿ ಓದಿದ ಹುಡುಗಿಯನ್ನು ಎಸ್ಸೆಸ್ಸೆಲ್ಸಿಗೆ ಎರಡು ವರ್ಷ ಇರುವಾಗ ಕೀಳುವುದು ಅವಳ ಹಿತವೇ ಎಂದು ಕೇಳಿ. ಅವರ ಇನ್ನೊಬ್ಬ ಮಗ ಯಾವ ಶಾಲೆಯಲ್ಲಿ ಓದುತ್ತಾನೆ ಎಂಬುದೂ ಇಲ್ಲಿ ನ್ಯಾಯಾಲಯ ನೋಡಬೇಕಾದ ಸಂಗತಿ, ಅದನ್ನು ದಾಖಲೆಯೊಂದಿಗೆ ಹೇಳಿ.

ಎರಡನೆಯದು ತಂದೆಯ ಸಂಬಳ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಇಲ್ಲಿದೆ. ರಾಜ್ಯ ಸರ್ಕಾರಿ ನೌಕರರಿಗೆ ಬೆಲೆ ಏರಿದಂತೆ ಜನವರಿ ಮತ್ತು ಜುಲೈಗೆ ಲೆಕ್ಕಹಾಕಿ ತುಟ್ಟಿಭತ್ಯೆ ಕೊಡುತ್ತಾರೆ. ಅದರ ಮೇಲೆ ವಾರ್ಷಿಕ ವೇತನ ಬಡ್ತಿ. ಅದರ ಮೇಲೆ, ನಿಮ್ಮ ಆದೇಶದ ನಂತರ ಎರಡು ವೇತನ ಪರಿಷ್ಕರಣೆಗಳು ಆಗಿವೆ. ಆರನೆಯ ವೇತನ ಆಯೋಗದ ಲಾಭ 2018ರ ಏಪ್ರಿಲ್‌ನಿಂದ ಕೈಗೆ ಬಂತು. ಏಳನೆಯದು 2024ರ ಆಗಸ್ಟ್ 1ರಿಂದ ಜಾರಿಯಾಯಿತು. 2022ರ ಜುಲೈ 1ರ ಮೂಲವೇತನಕ್ಕೆ ಆಗ ಬರುತ್ತಿದ್ದ ಶೇಕಡಾ 31 ತುಟ್ಟಿಭತ್ಯೆಯನ್ನೂ ಶೇಕಡಾ 27.5 ಫಿಟ್‌ಮೆಂಟನ್ನೂ (ಪರಿಷ್ಕರಣೆಯ ಹೆಚ್ಚಳ) ಸೇರಿಸಿ ಹೊಸ ವೇತನ ನಿಗದಿ ಮಾಡಿದರು. ಒಂದು ಎಚ್ಚರ: ಮೂಲವೇತನ ಶೇಕಡಾ 58.5 ಏರಿತು ಎಂದು ನಿಮ್ಮ ವಕೀಲರು ವಾದಿಸಿದರೆ, ಅದರಲ್ಲಿ 31 ಮೊದಲೇ ಬರುತ್ತಿದ್ದ ಭತ್ಯೆ ಎಂದು ಎದುರಿನವರು ಸುಲಭವಾಗಿ ಕತ್ತರಿಸುತ್ತಾರೆ. 2016ರಲ್ಲಿ ಕೈಗೆ ಬರುತ್ತಿದ್ದ ಸಂಬಳ, ಇಂದು ಕೈಗೆ ಬರುತ್ತಿರುವ ಸಂಬಳ, ಇವೆರಡನ್ನು ಪಕ್ಕಪಕ್ಕ ಇಡುವುದೇ ಭದ್ರವಾದ ವಾದ. ಬೆಲೆ ಏರಿಕೆ ತಂದೆಯ ಊಟದ ತಟ್ಟೆಗೆ ತಟ್ಟದಂತೆ ಸರ್ಕಾರ ವರ್ಷಕ್ಕೆ ಎರಡು ಸಲ ಕಾಯುತ್ತಿದೆ. ಅದೇ ಬೆಲೆಯಲ್ಲಿ ಬದುಕುವ ಮಗಳ ನಾಲ್ಕು ಸಾವಿರ ಮಾತ್ರ 2016ರಲ್ಲೇ ನಿಂತಿದೆ. ಈ ಮಾತನ್ನು ಅರ್ಜಿಯ ಮೊದಲ ಪುಟದಲ್ಲೇ ಹೇಳಿ.

2016ರ ಸಂಬಳ ಎಷ್ಟಿತ್ತೆಂದು ತಿಳಿಯಲು ಹಳೆಯ ಆದೇಶವನ್ನೇ ಓದಿ. ಸಾಮಾನ್ಯವಾಗಿ ಅಂದು ಸಲ್ಲಿಸಿದ ವೇತನ ಪ್ರಮಾಣಪತ್ರದ ಉಲ್ಲೇಖ ಅದರಲ್ಲಿ ಇರುತ್ತದೆ. ಆದೇಶದ ಪ್ರತಿ ಕಳೆದುಹೋಗಿದ್ದರೆ ಗಾಬರಿ ಬೇಡ, ಕಾಪಿ ಶಾಖೆಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಇಂದಿನ ಸಂಬಳ ತಿಳಿಯಲು ಅವರ ಶಾಲೆಯ ಸುತ್ತ ಸುಳಿಯುವ, ಸಹೋದ್ಯೋಗಿಗಳನ್ನು ಕೇಳುವ ಅಗತ್ಯವಿಲ್ಲ. ಸಂಬಳ ಬಿಲ್ಲು ಮಾಡುವ ಬಟವಾಡೆ ಅಧಿಕಾರಿಯಿಂದ ವೇತನ ಪ್ರಮಾಣಪತ್ರ ತರಿಸಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಕೊಡಿ. ಸರ್ಕಾರಿ ನೌಕರರು ಪ್ರತಿ ವರ್ಷ ಇಲಾಖೆಗೆ ಸಲ್ಲಿಸುವ ಆಸ್ತಿ ಮತ್ತು ಹೊಣೆಗಾರಿಕೆಯ ಪಟ್ಟಿಯನ್ನೂ ಅದರೊಡನೆ ತರಿಸಲು ಕೇಳಬಹುದು. ಜಮೀನು ಇದೆ ಎಂದು ನಿಮಗೆ ಗೊತ್ತಿದ್ದರೆ ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ನೀವೇ ತೆಗೆಯಬಹುದು, ಸರ್ವೆ ನಂಬರ್ ಸಾಕು. ನಿವೇಶನ ಕೊಂಡಿದ್ದರೆ ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ.

ಸಂಬಳದ ಚೀಟಿ ಬಂದಾಗ ಕಡಿತಗಳ ಪಟ್ಟಿ ಉದ್ದ ಇರುತ್ತದೆ, ಕೊನೆಯಲ್ಲಿ ಕೈಗೆ ಬರುವುದು ಸ್ವಲ್ಪವೇ ಎಂದು ಕಾಣುತ್ತದೆ. ಅದನ್ನು ನೋಡಿ ಎದೆಗುಂದಬೇಡಿ. ಆದಾಯ ತೆರಿಗೆ, ವೃತ್ತಿ ತೆರಿಗೆ, ಕಡ್ಡಾಯವಾದ ಭವಿಷ್ಯನಿಧಿ ಅಥವಾ ಪಿಂಚಣಿ ವಂತಿಗೆ, ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಕಡ್ಡಾಯ ಕಂತು, ಇಷ್ಟನ್ನು ಕಳೆಯುವುದು ನ್ಯಾಯ. ಸೊಸೈಟಿ ಸಾಲ, ಮನೆ ಸಾಲ, ಕಾರಿನ ಕಂತು, ತಾನಾಗಿ ಹೆಚ್ಚಿಸಿಕೊಂಡ ಉಳಿತಾಯ, ಇವೆಲ್ಲ ಅವರು ಆಯ್ದುಕೊಂಡ ಖರ್ಚು. ಸಾಲದ ಕಂತು ಕಟ್ಟಿದ ಮೇಲೆ ಉಳಿದದ್ದರಲ್ಲಿ ಮಗಳಿಗೆ ಎಂಬ ವಾದ ನಿಲ್ಲಬಾರದು, ನಿಮ್ಮ ವಕೀಲರು ಪ್ರತಿಯೊಂದು ಕಡಿತವನ್ನೂ ಬೇರೆಬೇರೆಯಾಗಿ ತೋರಿಸಲಿ.

ಇನ್ನು ಇಬ್ಬರೂ ಕಡ್ಡಾಯವಾಗಿ ಸಲ್ಲಿಸಬೇಕಾದ ಒಂದು ದಾಖಲೆ ಇದೆ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶದ ಮೊಕದ್ದಮೆಗಳಲ್ಲಿ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಹೇಳಬೇಕೆಂದು ವಿಧಿಸಿತು. ಕೃಷಿಯಿಂದ ಬದುಕುವವರಿಗೆ ಬೇರೆ ನಮೂನೆಯೇ ಇದೆ. ಎದುರಿನವರು ಉತ್ತರ ಮತ್ತು ಪ್ರಮಾಣಪತ್ರ ಸಲ್ಲಿಸಲು ಹೆಚ್ಚೆಂದರೆ ನಾಲ್ಕು ವಾರ. ಇದರಲ್ಲಿ ನಿಮ್ಮ ಹೊಲಿಗೆಯ ಆದಾಯವನ್ನು ಇದ್ದಷ್ಟೂ ಬರೆಯಿರಿ. ದಸರಾ, ದೀಪಾವಳಿ, ಮದುವೆಯ ತಿಂಗಳುಗಳಲ್ಲಿ ಹೆಚ್ಚು, ಆಷಾಢದಲ್ಲಿ ಕಡಿಮೆ ಎಂದಿದ್ದರೆ ಹಾಗೆಯೇ ಬರೆದು ಸರಾಸರಿ ಕೊಡಿ. ಆದಾಯವೇ ಇಲ್ಲ ಎಂದು ಬರೆಸುವ ಸಲಹೆ ಕೆಲವರಿಂದ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಪ್ರಮಾಣ ಮಾಡಿ ಸುಳ್ಳು ಹೇಳುವುದು ಅಪರಾಧ, ಅದಕ್ಕೂ ಮಿಗಿಲಾಗಿ ಫೋನಿನ ಹಣ ಪಾವತಿಯ ವಿವರ ಹೊರಬಂದ ದಿನ ನಿಮ್ಮ ಉಳಿದ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ.

ನೀವು ದುಡಿಯುತ್ತೀರಿ ಎಂಬುದರಿಂದ ಮಗಳ ಹಕ್ಕು ಕಡಿಮೆಯಾಗುವುದಿಲ್ಲ. ಇಬ್ಬರೂ ದುಡಿಯುವಾಗ ಮಕ್ಕಳ ಖರ್ಚನ್ನು ತಂತಮ್ಮ ಆದಾಯದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ತಂದೆಯ ಸಂಬಳ ತಾಯಿಯದರ ಸುಮಾರು ಎರಡರಷ್ಟಿತ್ತು, ಖರ್ಚನ್ನೂ ಎರಡಕ್ಕೆ ಒಂದರಂತೆ ಹಂಚಿದರು. ಕರ್ನಾಟಕ ಹೈಕೋರ್ಟ್ ಕೂಡ 2024ರಲ್ಲಿ ಒಂದು ಪ್ರಕರಣದಲ್ಲಿ, ಮಕ್ಕಳನ್ನು ನೋಡಿಕೊಳ್ಳುವುದೇ ತಾಯಿಗೆ ಹಗಲಿರುಳಿನ ಪೂರ್ಣಾವಧಿ ಕೆಲಸ ಎಂದು ಗುರುತಿಸಿ, ಕೌಟುಂಬಿಕ ನ್ಯಾಯಾಲಯ ಕೊಟ್ಟಿದ್ದ 18,000 ರೂಪಾಯಿಯನ್ನು 36,000ಕ್ಕೆ ಏರಿಸಿತು. ನೀವು ಬೆಳಗ್ಗೆ ಅಡುಗೆ ಮಾಡಿ, ಮಗಳನ್ನು ಕಳಿಸಿ, ಜ್ವರ ಬಂದರೆ ಮಷಿನ್ ಮುಚ್ಚಿಟ್ಟು ಪಕ್ಕದಲ್ಲಿ ಕೂರುತ್ತೀರಲ್ಲ, ಅದು ನಿಮ್ಮ ಪಾಲಿನ ಕೊಡುಗೆ. ರೂಪಾಯಿಯಲ್ಲಿ ಅಲ್ಲದಿದ್ದರೂ ಕೊಡುಗೆಯೇ.

ಎಷ್ಟು ಕೇಳಬೇಕು? ಮಗುವಿನ ಜೀವನಾಂಶಕ್ಕೆ ನಮ್ಮ ಕಾನೂನಿನಲ್ಲಿ ಸೂತ್ರವಿಲ್ಲ. ಸಂಬಳದ ನಾಲ್ಕನೆಯ ಒಂದು ಭಾಗ ಎಂದು ಜನ ಹೇಳುವುದು ಹೆಂಡತಿಯ ಜೀವನಾಂಶದ ಪ್ರಕರಣಗಳಲ್ಲಿ ಬಂದ ಅಳತೆ, ಅದೂ ಕಟ್ಟುನಿಟ್ಟಿನ ನಿಯಮವಲ್ಲ. (ಒಂದು ಕಾಲಕ್ಕೆ ಸಿಆರ್‌ಪಿಸಿ 125ರಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರಲ್ಲಿ ಅದನ್ನು ತೆಗೆದುಹಾಕಿದರು.) ಹೀಗಿರುವಾಗ ನಿಮ್ಮ ಕೈಯಲ್ಲಿರುವ ಶಕ್ತಿ ಎಂದರೆ ಲೆಕ್ಕ. ವರ್ಷಗಳ ಹಿಂದೆ ನನ್ನ ಬಳಿ ಬಂದ ತಾಯಿಯೊಬ್ಬರು, ಸಾಕ್ಷಿ ನುಡಿಯುವಾಗ 'ತಿಂಗಳಿಗೆ ಎಷ್ಟಾಗುತ್ತದಮ್ಮಾ?' ಎಂದು ನ್ಯಾಯಾಧೀಶರು ಕೇಳಿದರೆ, 'ತುಂಬಾ ಆಗುತ್ತದೆ ಸ್ವಾಮಿ' ಎಂದು ಅತ್ತುಬಿಟ್ಟರು. ಅವರ ಅಳು ನಿಜವಾದದ್ದೇ. ಆದರೆ ಆದೇಶದಲ್ಲಿ ಬರೆಯಲು ಒಂದು ಅಂಕಿ ಬೇಕು. ಅಂದಿನಿಂದ ನಾನು ಮೊದಲ ಭೇಟಿಯಲ್ಲೇ ಎಲ್ಲರಿಗೂ ನೂರು ಹಾಳೆಯ ಒಂದು ನೋಟ್‌ಬುಕ್ ತರಲು ಹೇಳುತ್ತೇನೆ. ಎಡಗಡೆ ಖರ್ಚು, ಬಲಗಡೆ ಅಂಟಿಸಿದ ರಸೀದಿ. ಮೂರು ತಿಂಗಳು ಬರೆದರೆ ಸಾಕು, ಪಾಟೀಸವಾಲಿನಲ್ಲಿ ಯಾರೂ ನಿಮ್ಮನ್ನು ಅಲ್ಲಾಡಿಸಲಾರರು.

ನಿಮ್ಮ ಪತ್ರದಲ್ಲಿ ಅಲ್ಲಲ್ಲಿ ಬರೆದಿರುವ ಅಂಕಿಗಳನ್ನೇ ಕೂಡಿಸಿ ನೋಡಿದೆ. ಶುಲ್ಕ 42,000, ಪುಸ್ತಕ, ಸಮವಸ್ತ್ರ, ಶೂ ಸೇರಿ 9,000, ಅಂದರೆ ವರ್ಷಕ್ಕೆ 51,000, ತಿಂಗಳಿಗೆ 4,250. ಶಾಲಾ ವ್ಯಾನ್ 1,300. ಗಣಿತ, ವಿಜ್ಞಾನದ ಟ್ಯೂಷನ್ 1,200. ಅವಳ ಊಟ, ಹಾಲು, ಹಣ್ಣು 4,000. ಮನೆ ಬಾಡಿಗೆ 6,000ದಲ್ಲಿ ಅವಳ ಅರ್ಧ ಪಾಲು 3,000. ಬಟ್ಟೆ, ಕನ್ನಡಕ, ಔಷಧಿ, ಹದಿಮೂರರ ಹುಡುಗಿಗೆ ಪ್ರತಿ ತಿಂಗಳು ಬೇಕಾಗುವ ವಸ್ತುಗಳು ಸೇರಿ 1,250. ಒಟ್ಟು 15,000. ಬಾಡಿಗೆಯಲ್ಲಿ ಮಗುವಿನ ಪಾಲು ಹಾಕಲು ಬಹಳ ತಾಯಂದಿರು ಮರೆಯುತ್ತಾರೆ, ಮಗುವೂ ಆ ಸೂರಿನ ಕೆಳಗೇ ಮಲಗುತ್ತದೆ. ತಂದೆಯ ನಿವ್ವಳ ಸಂಬಳ, ನೀವು ಅಂದಾಜಿಸಿದಂತೆ, 60,000 ಎಂದಿಟ್ಟುಕೊಂಡರೆ ನಿಮ್ಮ 10,000ಕ್ಕೆ ಆರು ಪಟ್ಟು. ಆ ಪ್ರಮಾಣದಲ್ಲಿ 15,000ದ ಏಳರಲ್ಲಿ ಆರು ಪಾಲು ಅವರದು, ಸುಮಾರು 12,850. ನೀವು 13,000 ಕೇಳುವುದು ಲೆಕ್ಕಕ್ಕೆ ನಿಲ್ಲುತ್ತದೆ. ಅಷ್ಟೂ ಸಿಗುತ್ತದೆಂದು ನಾನು ಹೇಳಲಾರೆ. ಎರಡನೆಯ ಸಂಸಾರವನ್ನು ನೋಡಿ ಎಂಟು, ಹತ್ತು ಸಾವಿರಕ್ಕೆ ನಿಲ್ಲಬಹುದು. ಆದರೆ ನಲವತ್ತು ಸಾವಿರ ಎಂದು ಕೇಳಿ ನಂಬಿಕೆ ಕಳೆದುಕೊಳ್ಳುವುದಕ್ಕಿಂತ ರಸೀದಿ ಇರುವ ಹದಿಮೂರು ಸಾವಿರ ಮೇಲು.

ಎರಡನೆಯ ಸಂಸಾರದ ವಾದಕ್ಕೆ ಎಷ್ಟು ತೂಕ? ಸ್ವಲ್ಪ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಕರಣವೊಂದರಲ್ಲಿ ಹೈಕೋರ್ಟ್ ಜೀವನಾಂಶವನ್ನು 16,000ದಿಂದ 23,000ಕ್ಕೆ ಏರಿಸಿತ್ತು. ಗಂಡ ಮರುಮದುವೆಯಾಗಿದ್ದಾರೆ, ಆ ಸಂಸಾರವನ್ನೂ ಸಾಕಬೇಕು ಎಂಬುದನ್ನು ಗಮನಿಸಿ ಸುಪ್ರೀಂ ಕೋರ್ಟ್ ಅದನ್ನು 20,000ಕ್ಕೆ ಇಳಿಸಿತು. ಗಮನಿಸಿ, ಇಳಿಸಿತೇ ಹೊರತು ಹೆಚ್ಚಳವನ್ನು ತೆಗೆದುಹಾಕಲಿಲ್ಲ. ಚಿಕ್ಕ ಮಗನಿಗೆ ತಂದೆಯ ಮೇಲೆ ಎಷ್ಟು ಹಕ್ಕಿದೆಯೋ ದೊಡ್ಡ ಮಗಳಿಗೂ ಅಷ್ಟೇ ಇದೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತು: 146ನೇ ಸೆಕ್ಷನ್ ಎರಡೂ ದಿಕ್ಕಿಗೆ ತೆರೆಯುವ ಬಾಗಿಲು. ಅವರೂ ಕಡಿಮೆ ಮಾಡಿ ಎಂದು ಅರ್ಜಿ ಹಾಕಬಹುದು. ಸಂಬಳ ಏರುತ್ತಲೇ ಇರುವ ಕಾಯಂ ನೌಕರರ ವಿಷಯದಲ್ಲಿ ಅದು ನಡೆಯುವ ಸಂಭವ ಕಡಿಮೆ.

ಅರ್ಜಿಯಲ್ಲಿ ಮೂರು ಕೋರಿಕೆಗಳು ತಪ್ಪದೆ ಇರಲಿ. ಹೆಚ್ಚಿಸಿದ ಮೊತ್ತ ಅರ್ಜಿ ಹಾಕಿದ ದಿನದಿಂದಲೇ ಅನ್ವಯವಾಗಬೇಕು ಎಂಬುದು ಮೊದಲನೆಯದು. ಜೀವನಾಂಶವನ್ನು ಅರ್ಜಿಯ ದಿನದಿಂದ ಕೊಡಬೇಕೆಂಬುದು ರಜನೇಶ್ ತೀರ್ಪಿನ ನಿಲುವು. ಆದರೆ ಅರ್ಜಿಗೂ ಹಿಂದಿನ ವರ್ಷಗಳಿಗೆ ಹೆಚ್ಚಳ ಸಿಗುವುದಿಲ್ಲ. ಐದು ವರ್ಷ ಹಿಂದೆಯೇ ಕೇಳಿದ್ದರೆ ಸಿಗುತ್ತಿದ್ದ ಹಣ ಹೋಯಿತು, ಇನ್ನು ನೀವು ತಡಮಾಡಿದ ಪ್ರತಿ ತಿಂಗಳೂ ಹಾಗೆಯೇ ಹೋಗುತ್ತದೆ. ಎರಡನೆಯದು, ಪ್ರಕರಣ ಮುಗಿಯುವವರೆಗೆ ಮಧ್ಯಂತರ ಹೆಚ್ಚಳ. ಜೂನ್‌ನ ಶುಲ್ಕವನ್ನು ಕಾರಣವಾಗಿ ತೋರಿಸಿ ಬೇರೆ ಐಎ (ಮಧ್ಯಂತರ ಅರ್ಜಿ) ಹಾಕಿ. ಮಧ್ಯಂತರ ಜೀವನಾಂಶವನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ ಸಾಧ್ಯವಾದಷ್ಟೂ ಇತ್ಯರ್ಥ ಮಾಡಬೇಕೆಂದು ಕಾನೂನು ಹೇಳುತ್ತದೆ. ಅನುಭವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಮೂಲ ಅರ್ಜಿಗೆ ಒಂದು ವರ್ಷ ಮೀರಿದರೂ ಧೈರ್ಯಗೆಡಬೇಡಿ. ಮೂರನೆಯದು, ಮುಂದೆ ಮತ್ತೆ ಈ ಮೆಟ್ಟಿಲು ಹತ್ತದಂತೆ ವರ್ಷಕ್ಕೊಮ್ಮೆ ಇಂತಿಷ್ಟು ಶೇಕಡಾ ತಾನಾಗಿ ಏರುವ ಷರತ್ತು. ಇದು ಹೊಸ ಕಲ್ಪನೆಯೇನಲ್ಲ. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಮಾಜಿ ಪತ್ನಿಯೊಬ್ಬರಿಗೆ ತಿಂಗಳಿಗೆ 50,000 ನಿಗದಿ ಮಾಡಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಬೇಕೆಂದು ಆದೇಶದಲ್ಲೇ ಸೇರಿಸಿತು. ಇಷ್ಟನ್ನು 2016ರಲ್ಲಿ ಯಾರಾದರೂ ಸೇರಿಸಿದ್ದರೆ ನೀವು ಇಂದು ಈ ಪತ್ರ ಬರೆಯಬೇಕಾಗಿರಲಿಲ್ಲ.

ಕೌಟುಂಬಿಕ ನ್ಯಾಯಾಲಯ ಮೊದಲು ಆಪ್ತಸಮಾಲೋಚನೆಗೋ ಮಧ್ಯಸ್ಥಿಕೆಗೋ ಕಳಿಸುತ್ತದೆ. ಹೋಗಿ, ಹಠ ಬೇಡ. ಆದರೆ ಖಾಲಿ ಕೈಯಲ್ಲಿ ಹೋಗಬೇಡಿ, ಆ ನೋಟ್‌ಬುಕ್ ಹಿಡಿದು ಹೋಗಿ. ಶಾಲಾ ಶುಲ್ಕವನ್ನು ಅವರೇ ನೇರವಾಗಿ ಶಾಲೆಗೆ ಕಟ್ಟುವುದು, ಉಳಿದದ್ದು ಮಗಳ ಹೆಸರಿನ ಖಾತೆಗೆ ಬರುವುದು ಎಂಬಂಥ ಒಪ್ಪಂದಕ್ಕೆ ಅನೇಕ ತಂದೆಯರು ಒಪ್ಪುತ್ತಾರೆ. ಹಣ ಹೆಂಡತಿಯ ಕೈ ಸೇರುತ್ತದೆ ಎಂಬ ಸಿಟ್ಟು ಕೆಲವರಲ್ಲಿ ಮಗಳ ಮೇಲಿನ ಪ್ರೀತಿಯನ್ನೂ ಮುಚ್ಚಿಬಿಟ್ಟಿರುತ್ತದೆ. ಒಪ್ಪಂದವಾದರೆ ಅದು ನ್ಯಾಯಾಲಯದ ಆದೇಶವಾಗಿ ದಾಖಲಾಗಲೇಬೇಕು, ಬಾಯಿಮಾತಿಗೆ ಬಿಡಬೇಡಿ. 'ಇನ್ನು ಮುಂದೆ ಕೇಳುವುದಿಲ್ಲ' ಎಂಬ ಸಾಲಿಗೆ ಈ ಸಲ ಸಹಿ ಮಾಡಬೇಡಿ.

ವಕೀಲರ ಶುಲ್ಕದ ಚಿಂತೆ ಬರೆದಿದ್ದೀರಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ದಾವಣಗೆರೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ನಿಮ್ಮ ತಾಲ್ಲೂಕಿನ ಸಮಿತಿಗೋ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ. ಸಹಾಯವಾಣಿ 15100.

ಮಗಳು 18 ತುಂಬಿದ ದಿನ ಏನಾಗುತ್ತದೆ ಎಂಬುದನ್ನೂ ಈಗಲೇ ತಿಳಿದಿರಿ. 144ರ ಅಡಿಯ ಜೀವನಾಂಶ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಅವಳು ಪಿಯುಸಿ ಮುಗಿಸುವ ಹೊತ್ತು, ಹಣ ಅತಿ ಹೆಚ್ಚು ಬೇಕಾಗುವ ಕಾಲ ಅದು. ಆದರೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 20(3)ರ ಪ್ರಕಾರ, ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಅವಿವಾಹಿತ ಮಗಳು ವಯಸ್ಕಳಾದ ಮೇಲೂ ತಂದೆಯಿಂದ ಜೀವನಾಂಶ ಕೇಳಬಹುದು. ಸುಪ್ರೀಂ ಕೋರ್ಟ್ 2020ರಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಅದಕ್ಕೆ ಅವಳೇ ಬೇರೆ ದಾವೆ ಹೂಡಬೇಕು.

ಅವಳ 'ಬೇಡ' ಎಂಬ ಮಾತಿಗೆ ಬರುತ್ತೇನೆ. ಹದಿಮೂರರ ಮಗಳು ಅಪ್ಪನ ದುಡ್ಡು ಬೇಡ ಎನ್ನುವುದು ಸ್ವಾಭಿಮಾನವೂ ಹೌದು, ಅಮ್ಮನನ್ನು ಕಾಪಾಡುವ ಆಸೆಯೂ ಹೌದು. ಅವಳನ್ನು ಒಪ್ಪಿಸಲು ಹೋಗಬೇಡಿ. ಈ ಅರ್ಜಿಗಾಗಿ ಅವಳು ನ್ಯಾಯಾಲಯಕ್ಕೆ ಬರಬೇಕಾಗಿಲ್ಲ, ಅಪ್ಪನ ಎದುರು ನಿಲ್ಲಬೇಕಾಗಿಲ್ಲ ಎಂದು ಮಾತ್ರ ಹೇಳಿ. ಇದು ಅಪ್ಪನ ದಾನವಲ್ಲ, ನಿನ್ನ ಓದಿನ ಹಣ ಎಂದು ಹೇಳಿ. ಅವರು ಮಗಳನ್ನು ನೋಡಲು ಬಂದರೆ ಹಣ ಕೊಟ್ಟಿಲ್ಲವೆಂಬ ಕಾರಣಕ್ಕೆ ತಡೆಯಬೇಡಿ. ಭೇಟಿ ಮತ್ತು ಜೀವನಾಂಶ ಎರಡೂ ಮಗುವಿನದೇ ಹಕ್ಕುಗಳು, ಒಂದಕ್ಕೆ ಇನ್ನೊಂದನ್ನು ಅಡವಿಡುವಂತಿಲ್ಲ. ಹಾಗೆಯೇ ಅವರ ಇಲಾಖೆಗೆ ದೂರು ಕೊಟ್ಟು ಅಮಾನತು ಮಾಡಿಸಬೇಕೆಂದು ನಿಮ್ಮ ಅಣ್ಣ ಹೇಳುತ್ತಿರುವುದನ್ನು ಕೇಳಬೇಡಿ. ಆ ಸಂಬಳವೇ ನಿಮ್ಮ ಮಗಳ ಶುಲ್ಕದ ಮೂಲ.

ಕೊನೆಯದಾಗಿ ಬಾಕಿಯ ಹದಿನಾಲ್ಕು ತಿಂಗಳು. ಬರೆಯುವಾಗ ಕೊನೆಗೆ ಬಂದರೂ ನೀವು ಮಾಡಬೇಕಾದ ಮೊದಲ ಕೆಲಸ ಇದೇ, ಹೆಚ್ಚಳದ ಅರ್ಜಿ ತಯಾರಾಗುವವರೆಗೂ ಕಾಯಬೇಡಿ. ಬಾಕಿ ವಸೂಲಿಗೆ ವಾರಂಟ್ ಕೇಳುವ ಅರ್ಜಿಯನ್ನು ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕೆಂಬ ಮಿತಿ 144(3)ರಲ್ಲಿ ಇದೆ. ಹದಿನಾಲ್ಕು ತಿಂಗಳಿಗೆ ಬಾಕಿ 56,000. ಅದರಲ್ಲಿ ಅತಿ ಹಳೆಯ ಎರಡು ತಿಂಗಳ 8,000 ಈಗಾಗಲೇ ಈ ದಾರಿಯಿಂದ ಜಾರಿದೆ. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೂ ಜಾರಿ ಮಾಡಿಸಬಹುದು ಎಂದು ರಜನೇಶ್ ತೀರ್ಪು ಹೇಳಿರುವುದರಿಂದ, ಆ ಎರಡು ತಿಂಗಳ ಬಗ್ಗೆ ವಕೀಲರೊಡನೆ ಬೇರೆ ಮಾತಾಡಿ. ಉಳಿದ 48,000ಕ್ಕೆ ತಕ್ಷಣ ಅರ್ಜಿ ಹಾಕಿ. ಒಮ್ಮೆ ಅವಧಿಯೊಳಗೆ ಅರ್ಜಿ ಬಿದ್ದರೆ, ಅದು ನಡೆಯುತ್ತಿರುವಾಗ ಸೇರುವ ಬಾಕಿಗೆ ಅದರಲ್ಲೇ ಐಎ ಹಾಕಿದರೆ ಸಾಕು, ಹೊಸ ಅರ್ಜಿ ಬೇಡ. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೀಗೆ ಹೇಳಿದೆ. ಕೊಡದಿದ್ದರೆ ಜೈಲು ಶಿಕ್ಷೆಯೂ ಇದೆ, ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಆದರೆ ಸರ್ಕಾರಿ ನೌಕರರ ವಿಷಯದಲ್ಲಿ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಸಂಬಳದಿಂದಲೇ ಪ್ರತಿ ತಿಂಗಳು ಕಡಿದು ಮಗಳ ಖಾತೆಗೆ ಹಾಕುವಂತೆ ಬಟವಾಡೆ ಅಧಿಕಾರಿಗೆ ಆದೇಶ ಕೇಳಿ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ಜಪ್ತಿಯಿಂದ ರಕ್ಷಣೆ ಇರುವುದು. ಬ್ಯಾಂಕ್ ಪಾಸ್‌ಬುಕ್ ಇಂದೇ ನಮೂದು ಮಾಡಿಸಿ, ಕೊನೆಯ ಬಾರಿ ಹಣ ಬಂದ ಸಾಲಿನ ಕೆಳಗೆ ಗೆರೆ ಎಳೆದು, ಆ ಪುಟದ ನಕಲು ಹಿಡಿದು ಈ ವಾರವೇ ಕಾನೂನು ನೆರವಿನ ಕಚೇರಿಗೆ ಹೋಗಿ. ಮುಂದಿನ ತಿಂಗಳು ಹೋದರೆ ಇನ್ನೊಂದು ನಾಲ್ಕು ಸಾವಿರ ಆ ಒಂದು ವರ್ಷದ ಗೆರೆ ದಾಟಿರುತ್ತದೆ.